ಕವಲುತಂತಿ: ಸಭೆಗಿಂತ ಮೊದಲು ಹಾಡನ್ನು ಕೇಳುವ ಬಗೆ

ಶಾಲೆಯ ವಾರ್ಷಿಕೋತ್ಸವವಾಗಲಿ, ಊರ ಹಬ್ಬವಾಗಲಿ, ಮದುವೆಯ ಚಪ್ಪರವಾಗಲಿ, ನಮ್ಮ ತಾಳವಾಡಿ ಸೀಮೆಯಲ್ಲಿ ಮೈಕ್ ಸೆಟ್ ಇಲ್ಲದೆ ನಡೆಯುವ ಸಮಾರಂಭ ಈಗ ವಿರಳ. ಹಿಂದಿನ ಕಾಲದಲ್ಲಿ ಮೈಕ್ ಸೆಟ್ಟಿನವನು ಗ್ರಾಮಫೋನ್ ತಟ್ಟೆಗಳ ಪೆಟ್ಟಿಗೆಯನ್ನು ಹೊತ್ತು ಬರುತ್ತಿದ್ದನು. ಅನಂತರ ಕ್ಯಾಸೆಟ್ಟುಗಳು ಬಂದವು. ಈಗ ಅವೆರಡರ ಸ್ಥಾನವನ್ನೂ ಒಂದು ಲ್ಯಾಪ್‌ಟಾಪ್ ಅಥವಾ ಮೊಬೈಲ್ ಫೋನು ತುಂಬಿದೆ. ಅದರ ಮುಂದೆ ಕುಳಿತವನನ್ನು ಡಿ.ಜೆ. ಎಂದು ಕರೆಯುವುದು ವಾಡಿಕೆಯಾಗಿದೆ. ‘ಡಿಸ್ಕ್ ಜಾಕಿ’ ಎಂಬ ಮಾತಿನ ಸಂಕ್ಷೇಪವಿದು. ಡಿಸ್ಕ್ ಎಂದರೆ ತಟ್ಟೆ, ಜಾಕಿ ಎಂದರೆ ಪಂದ್ಯದ ಕುದುರೆಯ ಸವಾರ. ತಟ್ಟೆಯ ಮೇಲೆ ಸವಾರಿ ಮಾಡುವವನು ಎಂದರ್ಥ. ಈ ಹೆಸರನ್ನು ಕೇಳಿದೊಡನೆ ನಮ್ಮ ಹಿರಿಯರಲ್ಲಿ ಅನೇಕರು ಹುಬ್ಬು ಗಂಟಿಕ್ಕುವುದುಂಟು. ಎದೆಯನ್ನು ನಡುಗಿಸುವ ಸ್ಪೀಕರುಗಳನ್ನು ಕಂಡವರು ಹಾಗೆ ಮಾಡಿದರೆ ತಪ್ಪೆನ್ನಲಾಗದು. ಆದರೆ ಈ ಕೆಲಸದ ತಿರುಳೆಲ್ಲ ಇರುವುದು ಎಚ್ಚರದಿಂದ ಕೇಳುವುದರಲ್ಲಿ. ಹಾಗೆ ಕೇಳಲು ಬೇಕಾದ ಒಂದು ಚಿಕ್ಕ ಸಾಧನದ ವಿಚಾರವನ್ನು ಇಲ್ಲಿ ಹೇಳಲು ಉದ್ದೇಶಿಸಿದೆ.

ವಾರ್ಷಿಕೋತ್ಸವದ ಒಂದು ಸಂಜೆಯನ್ನು ಊಹಿಸಿಕೊಳ್ಳಿರಿ. ಕೋಲಾಟದ ಹುಡುಗಿಯರು ಕೋಲುಗಳನ್ನೆತ್ತಿ ರಂಗದ ಮೇಲೆ ಸಾಲಾಗಿ ನಿಂತಿದ್ದಾರೆ. ಎರಡು ತಿಂಗಳು ಅಭ್ಯಾಸ ಮಾಡಿದ ಹಾಡು ಬರಬೇಕು. ಮೊದಲು ಬರುವುದು ಮುಂದಿನ ತಂಡದ ಹಾಡಿನ ಒಂದು ಚೂರು. ಅದು ತಟ್ಟನೆ ನಿಲ್ಲುತ್ತದೆ. ಬಳಿಕ ಯಾವುದೋ ಜಾಹೀರಾತು. ಮೂರನೆಯ ಸಲ ಹಾಡೇನೋ ಸರಿಯಾದುದೇ, ಆದರೆ ಚರಣದ ನಡುವಿನಿಂದ! ಸಭೆ ನಗುತ್ತದೆ; ಸಾಲಿನ ತುದಿಯಲ್ಲಿರುವ ಚಿಕ್ಕ ಹುಡುಗಿ ಕೋಲನ್ನು ಇಳಿಸಿಬಿಡುತ್ತಾಳೆ. ಲ್ಯಾಪ್‌ಟಾಪಿನ ಮುಂದಿರುವ ಹುಡುಗನು ಅಲಕ್ಷ್ಯ ಮಾಡಿದನೆಂದು ಎಲ್ಲರೂ ಬಯ್ಯುವರು. ವಾಸ್ತವವಾಗಿ ಅವನ ಕಷ್ಟ ಬೇರೆ. ಹಾಡು ಸರಿಯೋ ತಪ್ಪೋ ಎಂದು ತಿಳಿಯಲು ಅವನು ಅದನ್ನು ಕೇಳಬೇಕು. ಅವನು ಕೇಳಿದರೆ ಸಭೆಯೂ ಕೇಳುತ್ತದೆ. ತಾನೊಬ್ಬನೇ ಮುಂದಾಗಿ ಕೇಳಿ, ಸರಿಯಾದ ಸ್ಥಳದಲ್ಲಿ ನಿಲ್ಲಿಸಿಟ್ಟುಕೊಂಡು, ಸಮಯ ಬಂದಾಗ ಸಭೆಗೆ ಬಿಡುವ ಸೌಕರ್ಯ ಅವನಲ್ಲಿಲ್ಲ.

ಹೀಗೆ ಮುಂದಾಗಿ ಕೇಳುವುದಕ್ಕೆ ‘ಕ್ಯೂ’ ಮಾಡುವುದು ಎನ್ನುತ್ತಾರೆ. ನಾಟಕದಲ್ಲಿ ನಟನಿಗೆ ಅವನ ಸರದಿ ಬಂದಿತೆಂದು ತಿಳಿಸುವ ಸೂಚನೆಗೂ ಇದೇ ಹೆಸರು. (ಪಡಿತರದ ಅಂಗಡಿಯ ಮುಂದೆ ನಿಲ್ಲುವ ಕ್ಯೂ ಬೇರೆ ಶಬ್ದ, ಇಂಗ್ಲಿಷಿನಲ್ಲಿ ಉಚ್ಚಾರಣೆ ಒಂದೇ, ಅಕ್ಷರಗಳು ಬೇರೆ.) ಬಾನುಲಿಯವರಿಗೆ ಈ ಕ್ರಮ ಬಹಳ ಹಿಂದಿನಿಂದಲೂ ಗೊತ್ತು. ನಮಗೆ ಸಮೀಪದ ಮೈಸೂರಿನಲ್ಲಿ ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ನಿಲಯವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಆ ನಿಲಯದ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. ಬಾನುಲಿ ನಿಲಯಗಳಲ್ಲಿ ತಟ್ಟೆ ತಿರುಗಿಸುವ ಯಂತ್ರಗಳು ಎರಡಿರುತ್ತಿದ್ದವು. ಒಂದರ ಹಾಡು ಪ್ರಸಾರವಾಗುತ್ತಿರುವಾಗ ಇನ್ನೊಂದರ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿ, ಮುಳ್ಳನ್ನು ಸರಿಯಾದ ಗೆರೆಯಲ್ಲಿ ಇರಿಸಿಕೊಳ್ಳುವುದು ಅಲ್ಲಿಯವರ ಪದ್ಧತಿಯಾಗಿತ್ತು. ಕುಣಿತದ ಸಭೆಗಳಿಗೆ ಇದನ್ನು ಒಂದು ಕಲೆಯಾಗಿ ತಂದವರಲ್ಲಿ ನ್ಯೂಯಾರ್ಕಿನ ಫ್ರಾನ್ಸಿಸ್ ಗ್ರಾಸೊ ಮುಖ್ಯನು. ಹಳೆಯ ಇಗರ್ಜಿಯೊಂದನ್ನು ನೃತ್ಯಶಾಲೆಯಾಗಿ ಮಾರ್ಪಡಿಸಿದ್ದ ‘ಸ್ಯಾಂಕ್ಚುಯರಿ’ ಎಂಬಲ್ಲಿ ೧೯೭೦ರ ಸುಮಾರಿಗೆ ಅವನು ಒಂದು ಹಾಡಿನ ತಾಳ ಮುಗಿಯುವ ಮೊದಲೇ ಇನ್ನೊಂದರ ತಾಳವನ್ನು ಅದರೊಡನೆ ಹೆಣೆಯುತ್ತಿದ್ದನು. ಜನರು ಕುಣಿತ ನಿಲ್ಲಿಸುವ ಸಂದರ್ಭವೇ ಬರುತ್ತಿರಲಿಲ್ಲ. ಕಿವಿಯಲ್ಲೊಂದು ಹಾಡು, ಸಭೆಯಲ್ಲೊಂದು ಹಾಡು. ಎರಡನ್ನೂ ಒಮ್ಮೆಗೆ ಆಲಿಸುವ ಅಭ್ಯಾಸವೇ ಇದರ ಗುಟ್ಟು.

ವೃತ್ತಿಯವರು ಇದಕ್ಕಾಗಿ ಮಿಕ್ಸರ್ ಎಂಬ ಯಂತ್ರವನ್ನಾಗಲಿ, ಲ್ಯಾಪ್‌ಟಾಪಿಗೆ ಜೋಡಿಸುವ ಕಂಟ್ರೋಲರ್ ಎಂಬ ಹಲಗೆಯನ್ನಾಗಲಿ ಇಟ್ಟುಕೊಂಡಿರುತ್ತಾರೆ. ಇವುಗಳಲ್ಲಿ ಧ್ವನಿ ಹೊರಬರುವ ದಾರಿಗಳು ಎರಡು. ಒಂದು ಸಭೆಗೆ, ಒಂದು ಹೆಡ್‌ಫೋನಿಗೆ. ಇವುಗಳ ಬೆಲೆ ಹಲವು ಸಾವಿರ ರೂಪಾಯಿಗಳು. ನಮ್ಮ ಹುಡುಗರ ಬಳಿ ಇರುವುದೋ ಒಂದು ಲ್ಯಾಪ್‌ಟಾಪ್ ಮಾತ್ರ. ೨೦೧೧ರಲ್ಲಿ ತಮಿಳುನಾಡು ಸರ್ಕಾರವು ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ಪ್ಲಸ್ ಟು ವಿದ್ಯಾರ್ಥಿಗಳಿಗೆ ದೊರೆತ ಯಂತ್ರಗಳಲ್ಲಿ ಕೆಲವು ಇನ್ನೂ ಮನೆಗಳ ಅಟ್ಟದ ಮೇಲೆ ಇದ್ದಾವು. ಇಂಥ ಲ್ಯಾಪ್‌ಟಾಪಿನ ಪಕ್ಕದಲ್ಲಿ ಹೆಡ್‌ಫೋನಿಗೆಂದು ಒಂದೇ ಒಂದು ತೂತು ಉಂಟು. ಆ ಒಂದು ತೂತಿನಿಂದಲೇ ಎರಡು ಬೇರೆ ಬೇರೆ ಹಾಡುಗಳನ್ನು ಹೊರಗೆ ತರಲು ಸಾಧ್ಯವೆ? ಸಾಧ್ಯ. ಹೇಗೆಂಬುದನ್ನು ತಿಳಿಯಲು ಆ ತೂತಿಗೆ ಸೇರುವ ಪಿನ್ನನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು.

ಹೆಡ್‌ಫೋನಿನ ಪಿನ್ನು ೩.೫ ಮಿಲಿಮೀಟರ್ ದಪ್ಪದ ಒಂದು ಲೋಹದ ಕಡ್ಡಿ. ಅದು ಒಂದೇ ತುಂಡಿನಂತೆ ಕಂಡರೂ ನಡುವೆ ಕಪ್ಪು ಉಂಗುರದಂಥ ಎರಡು ಗೆರೆಗಳಿರುತ್ತವೆ. ಈ ಗೆರೆಗಳು ವಿದ್ಯುತ್ತು ಹರಿಯದ ವಸ್ತುವಿನವು. ಕಡ್ಡಿಯನ್ನು ಅವು ಮೂರು ಭಾಗಗಳಾಗಿ ಬೇರ್ಪಡಿಸುತ್ತವೆ. ತುದಿಯ ಭಾಗ ಎಡಗಿವಿಯ ಧ್ವನಿಗೆ, ನಡುವಿನ ಭಾಗ ಬಲಗಿವಿಯ ಧ್ವನಿಗೆ, ಬುಡದ ಭಾಗ ಎರಡಕ್ಕೂ ಸಾಮಾನ್ಯವಾದ ಹಿಂದಿರುಗುವ ದಾರಿ. ಟೆಲಿಫೋನಿನ ಆರಂಭದ ದಿನಗಳಲ್ಲಿ ಎಕ್ಸ್‌ಚೇಂಜಿನಲ್ಲಿ ಕುಳಿತವರು ಒಬ್ಬರ ತಂತಿಯನ್ನು ಇನ್ನೊಬ್ಬರದಕ್ಕೆ ಸೇರಿಸಲು ಬಳಸುತ್ತಿದ್ದ ದಪ್ಪ ಪಿನ್ನಿನ ಮರಿಯಿದು. ಮೊಬೈಲ್ ಫೋನಿನ ಹೆಡ್‌ಸೆಟ್ಟುಗಳಲ್ಲಿ ಗೆರೆಗಳು ಮೂರು, ಭಾಗಗಳು ನಾಲ್ಕು. ಹೆಚ್ಚಿನದು ಮಾತನಾಡುವ ಮೈಕಿಗಾಗಿ. ಮನೆಯಲ್ಲಿರುವ ಪಿನ್ನುಗಳನ್ನು ತೆಗೆದು ವಿದ್ಯಾರ್ಥಿಗಳು ಗೆರೆಗಳನ್ನು ಎಣಿಸಿ ನೋಡಲಿ.

ಈಗ ವಿಷಯ ಸ್ಪಷ್ಟವಾಯಿತು. ಲ್ಯಾಪ್‌ಟಾಪಿನ ಒಂದೇ ತೂತಿನಿಂದ ಎಡ ಮತ್ತು ಬಲ ಎಂಬ ಎರಡು ಧ್ವನಿಧಾರೆಗಳು ಮೊದಲಿನಿಂದಲೂ ಬರುತ್ತಲೇ ಇವೆ. ಸಾಮಾನ್ಯವಾಗಿ ಅವೆರಡೂ ಒಂದೇ ಹಾಡಿನ ಎರಡು ಪಕ್ಕಗಳಾಗಿರುತ್ತವೆ. ಎಡದ ಧಾರೆಯಲ್ಲಿ ಸಭೆಯ ಹಾಡನ್ನೂ ಬಲದ ಧಾರೆಯಲ್ಲಿ ಮುಂದಿನ ಹಾಡನ್ನೂ ಕಳುಹಿಸುವಂತೆ ಲ್ಯಾಪ್‌ಟಾಪಿಗೆ ಹೇಳಿ, ಹೊರಗೆ ಬಂದ ಧಾರೆಗಳನ್ನು ಕವಲೊಡೆದ ತಂತಿಯೊಂದರಿಂದ ಬೇರೆಮಾಡಿ, ಒಂದನ್ನು ಆಂಪ್ಲಿಫಯರಿಗೂ ಇನ್ನೊಂದನ್ನು ಹೆಡ್‌ಫೋನಿಗೂ ಕೊಟ್ಟರೆ ಕೆಲಸ ಮುಗಿಯಿತು. ಕಾಲುವೆಯ ನೀರನ್ನು ಹಲಗೆಯಿಟ್ಟು ಎರಡು ಹೊಲಗಳಿಗೆ ತಿರುಗಿಸಿದಂತೆಯೇ ಇದು. ಈ ತಂತಿಗೆ ಸ್ಪ್ಲಿಟರ್ ಕೇಬಲ್ ಎಂದು ಹೆಸರು; ನಾವು ಕವಲುತಂತಿ ಎನ್ನೋಣ.

ಆದರೆ ಅಂಗಡಿಗೆ ಹೋಗಿ ‘ಸ್ಪ್ಲಿಟರ್ ಕೊಡಿ’ ಎಂದರೆ ಹತ್ತರಲ್ಲಿ ಒಂಬತ್ತು ಸಲ ಕೈಗೆ ಬರುವುದು ಬೇರೆಯದೇ ವಸ್ತು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ೧೯೭೯ರಲ್ಲಿ ಜಪಾನಿನ ಸೋನಿ ಕಂಪನಿಯು ಮೊದಲ ವಾಕ್‌ಮನ್ ಯಂತ್ರವನ್ನು ಮಾರಾಟಕ್ಕೆ ತಂದಾಗ ಅದರಲ್ಲಿ ಹೆಡ್‌ಫೋನಿನ ತೂತುಗಳು ಎರಡಿದ್ದವು. ಇಬ್ಬರು ಗೆಳೆಯರು ಒಂದೇ ಹಾಡನ್ನು ಜೊತೆಯಾಗಿ ಕೇಳಲೆಂದು ಆ ಏರ್ಪಾಡು. ಅಂಗಡಿಯಲ್ಲಿ ಸಿಗುವ ಸಾಧಾರಣ ಕವಲುತಂತಿಯು ಇದೇ ಕೆಲಸವನ್ನು ಮಾಡುತ್ತದೆ. ಅದರ ಎರಡು ಕವಲುಗಳಲ್ಲಿಯೂ ಎಡವೂ ಇದೆ, ಬಲವೂ ಇದೆ. ಅದು ಧ್ವನಿಯನ್ನು ಹಂಚುತ್ತದೆಯೇ ಹೊರತು ಬೇರೆಮಾಡುವುದಿಲ್ಲ. ಇದನ್ನು ಜೋಡಿಸಿದರೆ ನೀವು ಗುಟ್ಟಾಗಿ ಕೇಳಬೇಕೆಂದ ಹಾಡು ಸಭೆಯ ಒಂದು ಪಕ್ಕದ ಸ್ಪೀಕರಿನಲ್ಲಿ ಗಟ್ಟಿಯಾಗಿ ಮೊಳಗುವುದು. ಹೊರನೋಟಕ್ಕೆ ಎರಡು ಜಾತಿಯ ತಂತಿಗಳಿಗೂ ವ್ಯತ್ಯಾಸವಿಲ್ಲದಿರುವುದೇ ತೊಂದರೆ. ‘ಡಿ.ಜೆ. ಸ್ಪ್ಲಿಟರ್’ ಎಂದು ಸ್ಪಷ್ಟವಾಗಿ ಕೇಳಿ ತರಿಸಬೇಕು. ೨೦೧೯ರಲ್ಲಿ ಪಯೋನಿಯರ್ ಡಿ.ಜೆ. ಕಂಪನಿಯು ಹೊಸಬರಿಗಾಗಿ ಡಿ.ಡಿ.ಜೆ.-೨೦೦ ಎಂಬ ಅಗ್ಗದ ಕಂಟ್ರೋಲರನ್ನು ಹೊರತಂದಾಗ ಪೆಟ್ಟಿಗೆಯೊಳಗೆ ಇಂಥದೇ ಒಂದು ತಂತಿಯನ್ನು ಸೇರಿಸಿತ್ತು ಎಂದರೆ, ಈ ಉಪಾಯ ಹಳ್ಳಿಯ ಬಡತನದ ಜೋಡಣೆಯೇನೂ ಅಲ್ಲವೆಂದು ತಿಳಿಯುವುದು.

ಕೈಯಲ್ಲಿರುವ ತಂತಿ ಯಾವ ಜಾತಿಯದೆಂದು ಪರೀಕ್ಷಿಸುವುದು ಸುಲಭ. ತಂತಿಯನ್ನು ಲ್ಯಾಪ್‌ಟಾಪಿಗೆ ಸೇರಿಸಿ ಯಾವುದಾದರೂ ಹಾಡನ್ನು ಹಾಕಿರಿ. ಧ್ವನಿಯ ಸೆಟ್ಟಿಂಗಿನಲ್ಲಿ ‘ಬ್ಯಾಲೆನ್ಸ್’ ಎಂಬುದನ್ನು ಪೂರ್ತಿ ಎಡಕ್ಕೆ ಸರಿಸಿರಿ. ಹೆಡ್‌ಫೋನನ್ನು ಮೊದಲು ಒಂದು ಕವಲಿಗೆ, ಅನಂತರ ಇನ್ನೊಂದು ಕವಲಿಗೆ ಹಾಕಿ ಕೇಳಿರಿ. ಸಾಧಾರಣ ತಂತಿಯಾದರೆ ಎರಡು ಕವಲುಗಳಲ್ಲಿಯೂ ಹಾಡು ಎಡಗಿವಿಯಲ್ಲಿ ಮಾತ್ರ ಕೇಳುವುದು. ಡಿ.ಜೆ. ತಂತಿಯಾದರೆ ಒಂದು ಕವಲು ಮೌನವಾಗಿದ್ದು, ಮತ್ತೊಂದರಲ್ಲಿ ಎರಡು ಕಿವಿಗಳಿಗೂ ಹಾಡು ಕೇಳುವುದು. ಆ ಮತ್ತೊಂದೇ ಎಡದ ಕವಲು. ಪರೀಕ್ಷೆ ಮುಗಿದ ಮೇಲೆ ಬ್ಯಾಲೆನ್ಸನ್ನು ನಡುವಿಗೆ ತರುವುದನ್ನು ಮರೆಯಬಾರದು.

ಬೆಸುಗೆ ಹಾಕಲು ಬಲ್ಲವರು ಈ ತಂತಿಯನ್ನು ತಾವೇ ಮಾಡಿಕೊಳ್ಳಬಹುದು. ಮೂರು ಭಾಗದ ಒಂದು ಪಿನ್ನು, ಅದೇ ಅಳತೆಯ ಎರಡು ತೂತುಗಳು ಅಥವಾ ಜಾಕುಗಳು, ಒಂದೆರಡು ಗೇಣು ತಂತಿ, ಇಷ್ಟೇ ಸಾಮಗ್ರಿ. ಪಿನ್ನಿನ ತುದಿಯಿಂದ ಹೊರಟ ತಂತಿಯನ್ನು ಮೊದಲನೆಯ ಜಾಕಿನ ಎಡ ಮತ್ತು ಬಲ ಎರಡೂ ಕೊಂಡಿಗಳಿಗೆ ಸೇರಿಸಬೇಕು. ಪಿನ್ನಿನ ನಡುಭಾಗದಿಂದ ಹೊರಟ ತಂತಿಯನ್ನು ಎರಡನೆಯ ಜಾಕಿನ ಎರಡೂ ಕೊಂಡಿಗಳಿಗೆ ಸೇರಿಸಬೇಕು. ಬುಡದ ತಂತಿಯು ಎರಡು ಜಾಕುಗಳ ಬುಡಕ್ಕೂ ಹೋಗುತ್ತದೆ. ಎರಡೂ ಕೊಂಡಿಗಳನ್ನು ಒಂದುಗೂಡಿಸುವುದೇಕೆಂದರೆ, ಒಂದೇ ಧಾರೆಯು ಎರಡು ಕಿವಿಗಳಿಗೂ ಸಿಗಲಿ ಎಂದು. ಹತ್ತನೆಯ ತರಗತಿಯವರಿಗೆ ಇಲ್ಲಿ ಒಂದು ಲೆಕ್ಕವೂ ಇದೆ. ಹೆಡ್‌ಫೋನಿನ ಒಂದೊಂದು ಕಿವಿಯ ರೋಧ ೩೨ ಓಮ್ ಎಂದಿಟ್ಟುಕೊಂಡರೆ, ಎರಡನ್ನೂ ಸಮಾಂತರವಾಗಿ ಸೇರಿಸಿದಾಗ ಒಟ್ಟು ರೋಧ ೧೬ ಓಮ್ ಆಗುತ್ತದೆ. ಲ್ಯಾಪ್‌ಟಾಪು ಆ ಒಂದು ಧಾರೆಯಲ್ಲಿ ಇಮ್ಮಡಿ ವಿದ್ಯುತ್ತನ್ನು ಕೊಡಬೇಕಾಗುವುದರಿಂದ ಧ್ವನಿ ಕೊಂಚ ತಗ್ಗಿದಂತೆ ತೋರಬಹುದು. ಯಂತ್ರಕ್ಕೆ ಇದರಿಂದ ಕೆಡುಕಿಲ್ಲ.

ಬೆಸುಗೆಯೂ ಬಾರದು, ಡಿ.ಜೆ. ತಂತಿಯೂ ಸಿಗಲಿಲ್ಲ ಎನ್ನುವವರಿಗೆ ಇನ್ನೊಂದು ದಾರಿಯಿದೆ. ಮೈಕ್ ಸೆಟ್ಟಿನವರ ಚೀಲದಲ್ಲಿ ಸಾಮಾನ್ಯವಾಗಿ ಇರುವ, ಒಂದು ಕಡೆ ೩.೫ ಮಿಲಿಮೀಟರ್ ಪಿನ್ನೂ ಇನ್ನೊಂದು ಕಡೆ ಬಿಳಿ ಮತ್ತು ಕೆಂಪು ಬಣ್ಣದ ಎರಡು ಆರ್.ಸಿ.ಎ. ಪಿನ್ನುಗಳೂ ಇರುವ ತಂತಿಯು ತಾನಾಗಿಯೇ ಎಡಬಲಗಳನ್ನು ಬೇರೆಮಾಡಿರುತ್ತದೆ. ಬಿಳಿಯದು ಎಡ, ಕೆಂಪು ಬಲ. ಬಿಳಿಯ ಪಿನ್ನನ್ನು ಆಂಪ್ಲಿಫಯರಿಗೆ ಹಾಕಿ, ಕೆಂಪಿಗೆ ಒಂದು ಪರಿವರ್ತಕದ ಜಾಕನ್ನು ಜೋಡಿಸಿ ಅದರಲ್ಲಿ ಹೆಡ್‌ಫೋನನ್ನು ಸೇರಿಸಬಹುದು. ಅಗ್ಗದ ಪರಿವರ್ತಕಗಳಲ್ಲಿ ಒಂದು ಕಿವಿಗೆ ಮಾತ್ರ ಧ್ವನಿ ಬರುವುದುಂಟು. ಬರಲಿ, ಡಿ.ಜೆ. ಮಾಡುವವರು ಒಂದು ಕಿವಿಯನ್ನು ಸಭೆಗೆ ತೆರೆದಿಡುವುದೇ ಹೆಚ್ಚು.

ತಂತಿಯಷ್ಟರಿಂದಲೇ ಕೆಲಸವಾಗುವುದಿಲ್ಲ. ಎಡದಲ್ಲಿ ಒಂದು ಹಾಡು, ಬಲದಲ್ಲಿ ಇನ್ನೊಂದು ಎಂದು ವಿಭಾಗಿಸುವ ತಂತ್ರಾಂಶ ಬೇಕು. ಹಾಡು ಕೇಳುವ ಸಾಧಾರಣ ತಂತ್ರಾಂಶಗಳಿಗೆ ಇದು ತಿಳಿಯದು. ‘ಮಿಕ್ಸ್’ ಎಂಬುದೊಂದಿದೆ, ಇಂಗ್ಲಿಷಿನಲ್ಲಿ ಇದರ ಕೊನೆಗೆ ಎಕ್ಸ್ ಅಕ್ಷರ ಮೂರು ಸಲ ಬರುತ್ತದೆ. ಇದು ಹಣ ಕೊಡದೆ ಪಡೆಯಬಹುದಾದದ್ದು, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲಿಯೂ ನಡೆಯುತ್ತದೆ. ಇದರ ಸೆಟ್ಟಿಂಗಿನಲ್ಲಿ ‘ಸೌಂಡ್ ಹಾರ್ಡ್‌ವೇರ್’ ಎಂಬ ಪುಟವನ್ನು ತೆರೆದು, ‘ಮೇನ್’ ಅಂದರೆ ಸಭೆಯ ಧ್ವನಿಗೆ ಲ್ಯಾಪ್‌ಟಾಪಿನ ಧ್ವನಿಯಂತ್ರದ ೧ನೆಯ ಚಾನೆಲನ್ನೂ, ‘ಹೆಡ್‌ಫೋನ್ಸ್’ ಎಂಬುದಕ್ಕೆ ಅದೇ ಯಂತ್ರದ ೨ನೆಯ ಚಾನೆಲನ್ನೂ ಆರಿಸಬೇಕು. ೧ ಎಂದರೆ ಎಡ, ೨ ಎಂದರೆ ಬಲ. ತೆರೆಯ ಮೇಲೆ ಎರಡು ಹಾಡುಗಳಿಗೆ ಎರಡು ಮನೆಗಳು ಕಾಣುತ್ತವೆ. ಪ್ರತಿಯೊಂದರಲ್ಲಿಯೂ ಹೆಡ್‌ಫೋನಿನ ಚಿತ್ರವಿರುವ ಗುಂಡಿಯಿದೆ. ಯಾವ ಮನೆಯ ಗುಂಡಿಯನ್ನು ಒತ್ತುವಿರೋ ಆ ಮನೆಯ ಹಾಡು ನಿಮ್ಮ ಕಿವಿಗೆ ಬರುತ್ತದೆ. ಸಭೆಗೆ ಯಾವುದು ಹೋಗಬೇಕೆಂಬುದನ್ನು ಕೆಳಗಿನ ಅಡ್ಡ ಜಾರುಗುಂಡಿ ನಿರ್ಧರಿಸುತ್ತದೆ. ಅದನ್ನು ಪೂರ್ತಿ ಎಡಕ್ಕೆ ಇಟ್ಟಿರುವಾಗ ಎಡಮನೆಯ ಹಾಡು ಮಾತ್ರ ಸಭೆಗೆ. ಬಲಮನೆಯ ಹಾಡನ್ನು ನೀವು ಎಷ್ಟು ಹಿಂದೆ ಮುಂದೆ ಮಾಡಿದರೂ ಹೊರಗೆ ತಿಳಿಯದು. ಹಾಡು ಆರಂಭವಾಗುವ ಜಾಗವನ್ನು ಹುಡುಕಿ ಅಲ್ಲಿ ‘ಕ್ಯೂ’ ಗುಂಡಿಯನ್ನು ಒತ್ತಿ ಗುರುತು ಮಾಡಿಟ್ಟರೆ, ಕೋಲಾಟದವರು ಕೋಲೆತ್ತಿದ ಕ್ಷಣದಲ್ಲಿ ಹಾಡಿನ ಮೊದಲ ಸ್ವರವೇ ಹೊರಡುತ್ತದೆ.

ಇಷ್ಟಾದರೂ ಕೆಲಸ ಕೆಡಿಸುವ ಸಣ್ಣ ಸಂಗತಿಗಳಿವೆ. ಲ್ಯಾಪ್‌ಟಾಪಿನಲ್ಲಿ ‘ಸರೌಂಡ್’, ‘ಧ್ವನಿ ಉತ್ತಮಪಡಿಸುವಿಕೆ’ ಮುಂತಾದ ಹೆಸರಿನ ಸೌಕರ್ಯಗಳಿದ್ದರೆ ಎಲ್ಲವನ್ನೂ ಆರಿಸಿಬಿಡಬೇಕು. ಅವು ಎಡಬಲಗಳನ್ನು ಒಂದರೊಳಗೊಂದು ಬೆರೆಸುವುದರಿಂದ ಗುಟ್ಟಿನ ಹಾಡು ಸಭೆಗೆ ಸೋರುತ್ತದೆ. ‘ಮೋನೊ ಆಡಿಯೋ’ ಎಂಬ ಆಯ್ಕೆ ಕೆಲಸ ಮಾಡುತ್ತಿದ್ದರಂತೂ ಎರಡೂ ಹಾಡುಗಳು ಪೂರ್ತಿ ಕಲಸಿಹೋಗುತ್ತವೆ. ಎಲ್ಲವನ್ನೂ ಸರಿಪಡಿಸಿದ ಮೇಲೆಯೂ, ಹಿಂದಿರುಗುವ ದಾರಿ ಎರಡು ಧಾರೆಗಳಿಗೂ ಒಂದೇ ಆದ ಕಾರಣ, ಅತ್ಯಲ್ಪವಾದ ಸೋರಿಕೆ ಉಳಿದೇ ಇರುವುದು. ಹಾಡು ಮೊಳಗುತ್ತಿರುವಾಗ ಅದು ಯಾರಿಗೂ ಕೇಳದು. ಆದರೆ ಪ್ರಾರ್ಥನೆಯ ಮೌನದಲ್ಲಿ, ಅಥವಾ ಅಗಲಿದವರಿಗಾಗಿ ಎದ್ದುನಿಂತ ಎರಡು ನಿಮಿಷಗಳಲ್ಲಿ, ಹೆಡ್‌ಫೋನಿನ ಧ್ವನಿಯನ್ನು ಏರಿಸಿ ಸಿನಿಮಾ ಹಾಡನ್ನು ಹುಡುಕುವುದು ಬೇಡ.

ಧ್ವನಿಯ ಮಟ್ಟದ ವಿಚಾರವೂ ಹಾಗೆಯೇ. ಲ್ಯಾಪ್‌ಟಾಪಿನ ಮುಖ್ಯ ವಾಲ್ಯೂಮ್ ಏರಿಸಿದರೆ ಸಭೆಯ ಧ್ವನಿಯೂ ಕಿವಿಯ ಧ್ವನಿಯೂ ಒಟ್ಟಿಗೆ ಏರುತ್ತವೆ. ಆದುದರಿಂದ ಅದನ್ನು ಒಂದು ಮಟ್ಟದಲ್ಲಿ ನಿಲ್ಲಿಸಿ, ಅನಂತರ ಕೈಯಾಡಿಸುವುದೇನಿದ್ದರೂ ತಂತ್ರಾಂಶದೊಳಗಿನ ಎರಡು ಬೇರೆ ಬೇರೆ ತಿರುಗುಗುಂಡಿಗಳಲ್ಲಿ ಮಾಡತಕ್ಕದ್ದು. ಪಿನ್ನನ್ನು ಹಾಕುವ ಮತ್ತು ತೆಗೆಯುವ ಮೊದಲು ಆಂಪ್ಲಿಫಯರಿನ ವಾಲ್ಯೂಮನ್ನು ಸೊನ್ನೆಗೆ ಇಳಿಸಬೇಕು; ಇಲ್ಲವಾದರೆ ಏಳುವ ‘ಢಬ್’ ಎಂಬ ಸದ್ದು ಸ್ಪೀಕರಿನ ಪರದೆಗೆ ಒಳ್ಳೆಯದಲ್ಲ. ಸ್ಪೀಕರಿನಲ್ಲಿ ಗುಂಯ್ ಎಂಬ ನಾದ ಬಿಡದೆ ಬರುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ನೋಡಿರಿ; ಅನೇಕ ವೇಳೆ ದೋಷ ಅಲ್ಲಿಯೇ ಇರುತ್ತದೆ. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನು ಈ ಕೆಲಸಕ್ಕೆ ಬಾರದು. ಅದರಲ್ಲಿ ಧ್ವನಿ ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಎರಡು ಮೂರು ಭಾಗದಷ್ಟು ತಡವಾಗಿ ಬರುವುದು ಸಾಮಾನ್ಯ. ನಿಮಿಷಕ್ಕೆ ೧೨೦ ಬಡಿತದ ಹಾಡಿನಲ್ಲಿ ಒಂದು ಬಡಿತದಿಂದ ಇನ್ನೊಂದಕ್ಕೆ ಇರುವ ಅಂತರವೇ ಅರ್ಧ ಸೆಕೆಂಡು. ಹೀಗಿರಲು ತಾಳ ಕೂಡಿಸುವುದು ಎಲ್ಲಿಂದ ಬಂತು?

ಧ್ವನಿಯ ತಡವೆಂದಾಗ ಇನ್ನೊಂದು ಮಾತು ನೆನಪಿಗೆ ಬರುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರ್. ಮೈದಾನದ ಆಚೆಯ ಮರಕ್ಕೆ ಕಟ್ಟಿದ ಹಾರ್ನು ೩೪ ಮೀಟರ್ ದೂರದಲ್ಲಿದ್ದರೆ ಅದರ ಸದ್ದು ನಿಮ್ಮನ್ನು ಮುಟ್ಟಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಹೆಡ್‌ಫೋನಿನಲ್ಲಿ ಕೇಳುವ ಹಾಡಿನ ತಾಳವನ್ನು ಆ ದೂರದ ಹಾರ್ನಿನ ತಾಳಕ್ಕೆ ಹೊಂದಿಸಿದರೆ ನಿಜವಾಗಿ ಅವೆರಡೂ ಹೊಂದಿರುವುದಿಲ್ಲ. ಸುತ್ತಲೂ ಬೆಟ್ಟವಿರುವ ನಮ್ಮ ಕಡೆಗಳಲ್ಲಿ ಪ್ರತಿಧ್ವನಿ ಬೇರೆ ಸೇರಿಕೊಂಡು ಕಿವಿಯನ್ನು ಮೋಸಗೊಳಿಸುತ್ತದೆ. ಇದಕ್ಕೆ ಪರಿಹಾರವೂ ತಂತ್ರಾಂಶದಲ್ಲಿಯೇ ಇದೆ: ಹೆಡ್‌ಫೋನಿನೊಳಗೆ ಮುಂದಿನ ಹಾಡಿನ ಜೊತೆಗೆ ಸಭೆಯ ಹಾಡನ್ನೂ ಬೇಕಾದಷ್ಟು ಬೆರೆಸಿಕೊಳ್ಳುವ ಒಂದು ತಿರುಗುಗುಂಡಿ. ಎರಡನ್ನೂ ಕಿವಿಯಲ್ಲಿಯೇ ಕೇಳಿ ಹೊಂದಿಸುವುದು ಉತ್ತಮ. ಕಂಸಾಳೆಯವರು ಕುಣಿಯುತ್ತ, ಕಂಚಿನ ತಾಳವನ್ನು ಬೀಸುತ್ತ, ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಪೆಟ್ಟನ್ನು ಕೂಡಿಸುವುದನ್ನು ಮಾದೇಶ್ವರನ ಒಕ್ಕಲಿನ ಮಕ್ಕಳು ನೋಡಿಯೇ ಇರುತ್ತಾರೆ. ಅವರಿಗೆ ತಾಳವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಈ ಏರ್ಪಾಡಿನಲ್ಲಿ ಕಳೆದುಕೊಳ್ಳುವುದೇನೂ ಇಲ್ಲವೆ ಎಂದು ಕೇಳಬಹುದು. ಒಂದು ಇದೆ. ಎರಡು ಧಾರೆಗಳಲ್ಲಿ ಒಂದನ್ನು ನಿಮಗೆ ಇಟ್ಟುಕೊಂಡುದರಿಂದ ಸಭೆಗೆ ದೊರೆಯುವುದು ಒಂದೇ ಧಾರೆ. ಅಂದರೆ ಸ್ಟೀರಿಯೋ ಹೋಗಿ ಮೋನೊ ಉಳಿಯುತ್ತದೆ. ತಂತ್ರಾಂಶವು ಹಾಡಿನ ಎರಡು ಪಕ್ಕಗಳನ್ನೂ ಕೂಡಿಸಿಯೇ ಕಳುಹಿಸುವುದರಿಂದ ವಾದ್ಯಗಳಾವುವೂ ಬಿಟ್ಟುಹೋಗುವುದಿಲ್ಲ. ಪಿಟೀಲು ಎಡದಿಂದ, ಕೊಳಲು ಬಲದಿಂದ ಎಂಬ ದಿಕ್ಕಿನ ಭೇದ ಮಾತ್ರ ಅಳಿಸುತ್ತದೆ. ಬಯಲಿನಲ್ಲಿ ಕುಳಿತ ಸಭೆಗೆ ಆ ಭೇದ ಹೇಗೂ ತಿಳಿಯದು. ನಮ್ಮ ಗಾಜನೂರಿನಲ್ಲಿ ೧೯೨೯ರಲ್ಲಿ ಹುಟ್ಟಿದ ಡಾ. ರಾಜ್‌ಕುಮಾರರ ಹಳೆಯ ಚಿತ್ರಗಳ ಹಾಡುಗಳನ್ನು ನೆನೆಯಿರಿ. ಅವರು ನಾಯಕರಾಗಿ ನಟಿಸಿದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ ತೆರೆಗೆ ಬಂದದ್ದು ೧೯೫೪ರಲ್ಲಿ. ಆ ಕಾಲದ ಹಾಡುಗಳೂ, ಅರವತ್ತರ ದಶಕದಲ್ಲಿ ಪಿ. ಬಿ. ಶ್ರೀನಿವಾಸರು ಅವರಿಗಾಗಿ ಹಾಡಿದವೂ ಧ್ವನಿಮುದ್ರಣವಾದದ್ದೇ ಒಂದು ಧಾರೆಯಲ್ಲಿ. ಎಡದಲ್ಲಿರುವುದೇ ಬಲದಲ್ಲಿಯೂ ಇದೆ. ನಮ್ಮ ಊರುಗಳ ಮದುವೆ ಮನೆಗಳಲ್ಲಿ ಹಿರಿಯರು ಕೇಳಿ ಹಾಕಿಸುವ ಹಾಡುಗಳು ಬಹುಮಟ್ಟಿಗೆ ಇವೇ ಆಗಿರುವಾಗ, ಕವಲುತಂತಿಯಿಂದ ಅವರಿಗೆ ಎಳ್ಳಷ್ಟೂ ನಷ್ಟವಿಲ್ಲ.

ಇನ್ನು ತಾಯ್ತಂದೆಯರು ಕೇಳಬೇಕಾದ ಮಾತು. ಸಭೆಯ ಸದ್ದು ಜೋರಾದಂತೆಲ್ಲ ಹೆಡ್‌ಫೋನಿನ ಧ್ವನಿಯನ್ನೂ ಏರಿಸುತ್ತ ಹೋಗುವುದು ಹುಡುಗರ ಸ್ವಭಾವ. ಶಬ್ದದ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುವರು. ಕಾರ್ಖಾನೆಯ ಕೆಲಸಗಾರರ ವಿಷಯದಲ್ಲಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಹಾಕಿಕೊಟ್ಟ ಲೆಕ್ಕದಂತೆ ೮೫ ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ೮ ಗಂಟೆ ಇರಬಹುದು; ಅಲ್ಲಿಂದ ಪ್ರತಿ ೩ ಡೆಸಿಬೆಲ್ ಹೆಚ್ಚಿದಂತೆ ಕಾಲ ಅರ್ಧವಾಗುತ್ತದೆ. ೮೮ಕ್ಕೆ ೪ ಗಂಟೆ, ೯೧ಕ್ಕೆ ೨ ಗಂಟೆ, ೧೦೦ಕ್ಕೆ ಬಂದಾಗ ೧೫ ನಿಮಿಷ ಮಾತ್ರ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಕೂದಲಿನಂಥ ಕೋಶಗಳಿವೆ. ಮನುಷ್ಯರಲ್ಲಿ ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಮಾರಂಭ ಮುಗಿದು ಮನೆಗೆ ಬಂದ ಮೇಲೆ ಮಗನ ಕಿವಿಯಲ್ಲಿ ‘ಕುಂಯ್’ ಎನ್ನುತ್ತಿದ್ದರೆ ಅದನ್ನು ಎಚ್ಚರಿಕೆಯೆಂದು ತಿಳಿಯಬೇಕು. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು ಹೊರಗಿನ ಸದ್ದನ್ನು ತಡೆಯುವುದರಿಂದ, ಒಳಗೆ ಕಡಿಮೆ ಧ್ವನಿಯೇ ಸಾಕಾಗುತ್ತದೆ. ತಂತಿಗಿಂತ ಹೆಡ್‌ಫೋನಿಗೆ ನಾಲ್ಕು ಕಾಸು ಹೆಚ್ಚು ಖರ್ಚು ಮಾಡುವುದು ಮೇಲು. ಕುಳಿತುಕೊಳ್ಳುವ ಜಾಗವೂ ಸ್ಪೀಕರಿನ ಬಾಯಿಯ ಎದುರಿಗಿರದೆ ಹಿಂದಕ್ಕೆ ಇರಲಿ.

ನಮ್ಮ ಊರುಗಳ ಸುತ್ತ ಇರುವುದು ಸತ್ಯಮಂಗಲದ ಕಾಡು. ೨೦೧೩ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ, ವಿಸ್ತಾರ ಸುಮಾರು ೧,೪೦೦ ಚದರ ಕಿಲೋಮೀಟರ್. ೨೦೦೦ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಗಳಿಗೆಂದು ಸರ್ಕಾರ ವಿಶೇಷವಾಗಿ ಅನುಮತಿ ಕೊಟ್ಟ ಕೆಲವು ದಿನಗಳಲ್ಲಿ ಮಾತ್ರ ನಡುರಾತ್ರಿಯವರೆಗೆ ವಿನಾಯಿತಿ. ನಿಯಮವನ್ನು ಬದಿಗಿಟ್ಟರೂ ನಮ್ಮಲ್ಲಿ ಇನ್ನೊಂದು ಕಾರಣವುಂಟು. ರಾಗಿ, ಜೋಳದ ಹೊಲಗಳ ಅಟ್ಟಣೆಯ ಮೇಲೆ ರಾತ್ರಿ ಕಾವಲಿರುವವನಿಗೆ ಕಣ್ಣಿಗಿಂತ ಕಿವಿಯೇ ಆಸರೆ. ಆನೆ ಬಂದದ್ದು ಮೊದಲು ತಿಳಿಯುವುದು ಕೊಂಬೆ ಮುರಿದ ಸದ್ದಿನಿಂದ. ಅರ್ಧ ಮೈಲಿಯಾಚೆಯ ಚಪ್ಪರದ ಡಿ.ಜೆ. ಸದ್ದು ಆ ಸದ್ದನ್ನು ನುಂಗಿದರೆ ಅವನ ಪಾಡೇನು? ಗುಮಟಾಪುರದ ಗೊರೆ ಹಬ್ಬಕ್ಕೆ ಕುಣಿತದ ಹಾಡು ಜೋಡಿಸಬೇಕೆಂದು ವಾರಗಟ್ಟಲೆ ಮೊದಲೇ ಅಭ್ಯಾಸ ಮಾಡುವ ಹುಡುಗರಿದ್ದರೆ ಅವರಿಗೆ ಈ ಏರ್ಪಾಡು ಹೇಳಿಮಾಡಿಸಿದಂತಿದೆ. ಸಭೆಯ ಕವಲನ್ನು ಯಾವುದಕ್ಕೂ ಸೇರಿಸದೆ ಖಾಲಿ ಬಿಟ್ಟು, ಬೆರೆಸುವ ಗುಂಡಿಯನ್ನು ನಡುವಿಗೆ ತಂದರೆ, ಸಭೆಯ ಹಾಡೂ ಮುಂದಿನ ಹಾಡೂ ಎರಡೂ ಹೆಡ್‌ಫೋನಿನಲ್ಲಿಯೇ ಕೇಳುತ್ತವೆ. ರಾತ್ರಿ ಹನ್ನೊಂದಕ್ಕೆ ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗಿದ್ದರೂ ಅಭ್ಯಾಸ ನಡೆಯುತ್ತದೆ, ಅಟ್ಟಣೆಯವನ ಕಿವಿಯೂ ಅವನದಾಗಿಯೇ ಉಳಿಯುತ್ತದೆ.

ಕೊನೆಯದಾಗಿ ತಂತಿಯ ಆರೈಕೆ. ಸಭೆಯ ಕವಲಿಗೆ ಕೆಂಪು ಟೇಪು ಸುತ್ತಿ ಗುರುತು ಮಾಡಿಡಬೇಕು. ಕತ್ತಲೆಯ ಚಪ್ಪರದಲ್ಲಿ ಎರಡು ಕವಲುಗಳೂ ಒಂದೇ ಬಗೆಯಾಗಿ ತೋರುತ್ತವೆ. ಬೇರೆ ಬೇರೆ ತಯಾರಕರು ಎಡವನ್ನು ಸಭೆಗೂ ಬಲವನ್ನು ಕಿವಿಗೂ, ಇಲ್ಲವೆ ಅದಲುಬದಲಾಗಿಯೂ ಗೊತ್ತುಮಾಡಿರುವ ಸಂಭವವಿರುವುದರಿಂದ, ಹೊಸ ತಂತಿ ಬಂದಾಗಲೆಲ್ಲ ಮೇಲೆ ಹೇಳಿದ ಬ್ಯಾಲೆನ್ಸ್ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಿಕೊಂಡು ಹೋಗತಕ್ಕದ್ದು. ತಂತಿ ಸಾಮಾನ್ಯವಾಗಿ ಮುರಿಯುವುದು ಪಿನ್ನಿನ ಕುತ್ತಿಗೆಯಲ್ಲಿ. ತೆಗೆಯುವಾಗ ಪಿನ್ನನ್ನು ಹಿಡಿದು ಎಳೆಯಬೇಕು, ತಂತಿಯನ್ನಲ್ಲ. ಮಡಿಸಿ ಗಂಟು ಹಾಕದೆ ಅಗಲವಾದ ಸುರುಳಿ ಸುತ್ತಿ, ಹೆಡ್‌ಫೋನಿನ ಚೀಲದಲ್ಲಿಯೇ ಇಟ್ಟರೆ ಮುಂದಿನ ಸಮಾರಂಭದ ದಿನ ಹುಡುಕಾಡುವ ಪ್ರಮೇಯವಿರುವುದಿಲ್ಲ.